ಸೊನ್ನೆ ಬಿಟ್ಟವರ ಮೇಜು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದೂರವಾಣಿ ಕಚೇರಿಯ ಹಿಂಬದಿಯ ಮೆಟ್ಟಿಲು ಹತ್ತಿ, ಬ್ಯಾಟರಿಗಳ ಹುಳಿ ವಾಸನೆ ಹೊಡೆಯುವ ಕಾರಿಡಾರು ದಾಟಿ ಕೊನೆಯ ಕೋಣೆಗೆ ಬಂದರೆ ಅಲ್ಲಿ ಒಂದೇ ಒಂದು ಮೇಜು. ಅದರ ಮೇಲೆ ಪುಟ್ಟದೊಂದು ಪರದೆ, ಒಂದು ಹೆಡ್‌ಫೋನು, ಮುಚ್ಚಳವಿರುವ ನೀರಿನ ಲೋಟ. ಒಂದು ಕಾಲಕ್ಕೆ ಇಲ್ಲಿ ಸಾಲಾಗಿ ಮೇಜುಗಳಿದ್ದವು ಎನ್ನುವುದಕ್ಕೆ ನೆಲದ ಮೇಲೆ ಬಿಳಿಚಿಕೊಂಡ ಚೌಕಗಳಷ್ಟೇ ಸಾಕ್ಷಿ. ಉಳಿದಿರುವ ಆ ಮೇಜಿನ ಹಿಂದೆ, ಸ್ವೆಟರಿನ ಮೇಲೊಂದು ಶಾಲು ಹೊದ್ದು, ಅರವತ್ತರ ಹೊಸ್ತಿಲಲ್ಲಿರುವ ಹೆಂಗಸೊಬ್ಬರು ಪರದೆಯನ್ನೇ ನೋಡುತ್ತ ಕೂತಿದ್ದಾರೆ.

ಪರದೆಯ ಮೇಲೆ ಒಂದು ನಂಬರು ಮೂಡುತ್ತದೆ. ಅವರು ಅದನ್ನು ಕೊನೆಯ ಅಂಕಿಯವರೆಗೂ ಓದುತ್ತಾರೆ. ಆಮೇಲೆ ಗುಂಡಿ ಒತ್ತುತ್ತಾರೆ.

“ನಮಸ್ಕಾರ. ನೀವು ಹಾಕಿದ ನಂಬರು ಸರಿಯಾಗೇ ಇದೆ, ಮುಂದೆ ಒಂದು ಸೊನ್ನೆ ಬಿಟ್ಟುಹೋಗಿದೆ ಅಷ್ಟೆ.”

“ಸೊನ್ನೆ ಯಾಕ್ರೀ? ಹೊರದೇಶದಿಂದ ಮಾಡುವಾಗ ಸೊನ್ನೆ ಬಿಡಿ ಅಂತ ನೀವೇ ತಾನೇ ಹೇಳ್ತಿದ್ದಿದ್ದು? ಆವಾಗಿನಿಂದ ಬಿಟ್ಕೊಂಡೇ ಬಂದಿದೀನಿ.” ಆ ಕಡೆಯ ಗಂಡಸಿನ ಧ್ವನಿ ಈ ಮೇಜಿನ ಬಗ್ಗೆ ಬರೆಯಲೆಂದು ಬಂದು ಪಕ್ಕದಲ್ಲಿ ಕೂತ ನನಗೂ ಕೇಳುವಷ್ಟು ಜೋರಾಗಿದೆ.

“ಹೌದು ಸಾರ್, ಬಿಡಿ ಅಂತ ಹೇಳ್ತಿದ್ದವರೂ ನಾವೇ, ಬಿಡಬೇಡಿ ಅಂತ ಹೇಳ್ತಾ ಇರೋರೂ ನಾವೇ. ದೇಶದ ಕೋಡು ಹಾಕಿ, ಆಮೇಲೆ ಸೊನ್ನೆ, ಆಮೇಲೆ ನಿಮ್ಮ ಹತ್ರ ಇರೋ ನಂಬರು. ಯಾರಿಗೆ ಮಾಡ್ತಿದೀರಿ?”

“ಹಲ್ಲಿನ ಡಾಕ್ಟರಿಗೆ. ಊರಿಗೆ ಬಂದಾಗ ಕಟ್ಟಿಸ್ಕೊಂಡ ಹಲ್ಲು ಕೈಗೆ ಬಂದಿದೆ.”

“ಅಯ್ಯೋ. ಅವರು ಬಾಗಿಲು ತೆಗೆಯೋದು ಹತ್ತಕ್ಕೆ ಸಾರ್. ಅಲ್ಲೀತನಕ ಹಲ್ಲು ಜೋಪಾನವಾಗಿ ಇಟ್ಕೊಳ್ಳಿ.”

ಕರೆ ಮುಗಿಯುತ್ತದೆ. ಕಚೇರಿಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಸೊನ್ನೆಯಕ್ಕ ಎಂದು. ಕಾವಲುಗಾರನಿಂದ ಹಿಡಿದು ಇಂಜಿನಿಯರ್‌ವರೆಗೆ ಎಲ್ಲರ ಬಾಯಲ್ಲೂ ಅದೇ. ನಿಜವಾದ ಹೆಸರು ಸಂಬಳದ ದಿನ ಮಾತ್ರ ನೆನಪಾಗುತ್ತದೆ ಎಂದು ಅವರೇ ತಮಾಷೆ ಮಾಡುತ್ತಾರೆ. ಈ ತಿಂಗಳ ಕೊನೆಗೆ ಈ ಮೇಜು ಮುಚ್ಚುತ್ತದೆ, ಅದರ ಜೊತೆಗೆ ಸೊನ್ನೆಯಕ್ಕನ ನೌಕರಿಯೂ ಮುಗಿಯುತ್ತದೆ. ಆಮೇಲೆ ಸೊನ್ನೆ ಬಿಟ್ಟು ಕರೆ ಮಾಡುವವರಿಗೆ “ಇಂಥ ಸಂಖ್ಯೆ ಇಲ್ಲ” ಎಂದು ಯಂತ್ರ ಹೇಳುತ್ತದೆ.

ನನಗೋ ಅಂಕಿ ಅಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಒಂದು ಸೊನ್ನೆಗೆ ಒಂದು ಮೇಜು, ಒಬ್ಬ ಹೆಂಗಸು, ಇಷ್ಟೊಂದು ವರ್ಷ ಯಾಕೆ ಬೇಕಾಯಿತು ಎಂದು ಕೇಳಿದೆ. ಸೊನ್ನೆಯಕ್ಕ ಬೇಸರಿಸಿಕೊಳ್ಳದೆ ವಿವರಿಸಿದರು. ಬಹಳಷ್ಟು ದೇಶಗಳಲ್ಲಿ ಊರಿನ ಕೋಡಿನ ಮುಂದೆ ಒಂದು ಸೊನ್ನೆ ಇರುತ್ತದೆ. “ನಾನು ನನ್ನೂರು ಬಿಟ್ಟು ಬೇರೆ ಊರಿಗೆ ಮಾತಾಡಬೇಕು” ಎಂದು ಎಕ್ಸ್‌ಚೇಂಜಿಗೆ ತಿಳಿಸುವ ಸೊನ್ನೆ ಅದು. ದೇಶದೊಳಗೆ ಮಾತ್ರ ಅದಕ್ಕೆ ಕೆಲಸ. ಹೊರದೇಶದಿಂದ ಕರೆ ಮಾಡುವವರು ದೇಶದ ಕೋಡು ಹಾಕಿ, ಆ ಸೊನ್ನೆಯನ್ನು ಬಿಟ್ಟು, ಉಳಿದದ್ದನ್ನು ಹಾಕಬೇಕು. ಇಲ್ಲಿಯೂ ಹಾಗೆಯೇ ಇತ್ತು. ಒಂಬತ್ತು ವರ್ಷದ ಹಿಂದೆ ನಂಬರುಗಳು ಸಾಲದೆ ಬಂದಾಗ ಊರಿನ ಕೋಡು ಬೇರೆ, ನಂಬರು ಬೇರೆ ಎನ್ನುವುದನ್ನೇ ತೆಗೆದುಹಾಕಿ, ಕೋಡನ್ನೂ ಆ ಸೊನ್ನೆಯನ್ನೂ ನಂಬರಿನ ಒಳಗೇ ಸೇರಿಸಿಬಿಟ್ಟರು. ಅಲ್ಲಿಂದ ಮುಂದೆ ಎಲ್ಲಿಂದ ಕರೆ ಮಾಡಿದರೂ ಸೊನ್ನೆ ಹಾಕಲೇಬೇಕು.

“ಇಟಲಿಯಲ್ಲಿ ಮನೆ ಫೋನುಗಳಿಗೆ ಹೀಗೇ ಇದೆ,” ಎನ್ನುತ್ತಾರೆ ಸೊನ್ನೆಯಕ್ಕ. “ಹೊರಗಿಂದ ಮಾಡಿದ್ರೂ ಸೊನ್ನೆ ಬಿಡೋ ಹಾಗಿಲ್ಲ. ಅದಕ್ಕೇ ಅಲ್ಲಿರೋ ನಮ್ಮವರು ನನ್ನ ಮೇಜಿಗೆ ಬರೋದೇ ಇಲ್ಲ. ಅವರಿಗೆ ಸೊನ್ನೆ ಹಾಕಿ ರೂಢಿ.”

ಈ ಮೇಜಿನಲ್ಲಿ ಕೂತವರಿಗೆ ಲೋಕ ಬೇರೆಯೇ ತೆರನಾಗಿ ಕಾಣುತ್ತದೆ. ಡೆನ್ಮಾರ್ಕಿನಲ್ಲಿ ಊರಿನ ಕೋಡು ಎನ್ನುವುದೇ ಇಲ್ಲ, ಇಡೀ ದೇಶಕ್ಕೆ ಎಂಟಂಕಿಯ ನಂಬರು. ಅಲ್ಲೇ ಹುಟ್ಟಿ ಬೆಳೆದವರಿಗೆ ಈ ಸೊನ್ನೆ ಎಲ್ಲಿಂದ ಬಂತು ಎಂದು ಬುಡದಿಂದ ಹೇಳಬೇಕು. ಜರ್ಮನಿಯಲ್ಲಿ ಒಬ್ಬರ ನಂಬರು ಗಿಡ್ಡ, ಪಕ್ಕದವರದ್ದು ಉದ್ದ, ಆದ್ದರಿಂದ ಅಲ್ಲಿಂದ ಮಾಡುವವರು “ಇನ್ನೊಂದು ಅಂಕಿ ಹಾಕಿ” ಎಂದರೆ ಸುಮ್ಮನೆ ಹಾಕುತ್ತಾರೆ, ತಕರಾರಿಲ್ಲ. ಹಂಗೇರಿಯಲ್ಲಿ ಬೇರೆ ಊರಿಗೆ ಮಾತಾಡಲು ಸೊನ್ನೆ ಆರು, ರಷ್ಯಾದಲ್ಲಿ ಎಂಟು. ಅಮೆರಿಕ, ಕೆನಡಾ ಮತ್ತು ಸುತ್ತಲಿನ ಎಷ್ಟೋ ದ್ವೀಪಗಳು ಒಂದೇ ದೇಶದ ಕೋಡು ಹಂಚಿಕೊಂಡಿವೆ. ಫ್ರಾನ್ಸಿನಲ್ಲಿರುವವರು ಅಂಕಿಗಳನ್ನು ಎರಡೆರಡಾಗಿ ಜೋಡಿಸಿ ಹೇಳುತ್ತಾರೆ. “ಮೊದಮೊದಲು ತಲೆ ಚಿಟ್ಟು ಹಿಡಿಯೋದು. ಇಪ್ಪತ್ತಮೂರು ಅಂದ್ರೆ ಎರಡು ಮೂರಾ, ಇಲ್ಲಾ ಇಪ್ಪತ್ತು ಆಮೇಲೆ ಮೂರಾ? ಈಗ ಉಸಿರು ತಗೊಳ್ಳೋದ್ರಲ್ಲೇ ಗೊತ್ತಾಗತ್ತೆ.”

ಯಾಕೆ ದೇಶಕ್ಕೊಂದು ರೀತಿ ಎಂದು ಕೇಳಿದೆ. “ಅದೆಲ್ಲ ನನಗೇನು ಗೊತ್ತು? ಅವರವರ ಮನೆ ಬಾಗಿಲು, ಅವರವರ ಚಿಲಕ. ಎಲ್ಲಿ ಒತ್ತಬೇಕು ಅಂತ ಗೊತ್ತಿದ್ರೆ ಸಾಕು ನನಗೆ.”

ಶುರುವಿನಲ್ಲಿ ದಿನಕ್ಕೆ ನಾನೂರು, ಐನೂರು ಕರೆ. ನಾಲ್ಕು ಜನ ಪಾಳಿಯಲ್ಲಿ ಕೂತರೂ ಪುರುಸೊತ್ತಿರಲಿಲ್ಲ. ಜನಕ್ಕೆ ಸೊನ್ನೆ ರೂಢಿಯಾಯಿತು, ಎಲ್ಲರ ಕೈಗೂ ಮೊಬೈಲು ಬಂತು, ಮನೆಯ ಫೋನುಗಳನ್ನೇ ಒಬ್ಬೊಬ್ಬರಾಗಿ ತೆಗೆಸಿದರು. ಈಗ ದಿನಕ್ಕೆ ಹತ್ತು ಹನ್ನೆರಡು ಬಂದರೆ ಹೆಚ್ಚು. ಜೊತೆಗಿದ್ದವರು ಬೇರೆ ಬೇರೆ ವಿಭಾಗಕ್ಕೆ ಹೋದರು. ಮಧ್ಯಾಹ್ನದ ಮೇಲೆ ಮೇಜು ಖಾಲಿ, “ಬೆಳಿಗ್ಗೆ ಕರೆ ಮಾಡಿ” ಎಂದು ಯಂತ್ರ ಹೇಳುತ್ತದೆ. ನಾನು ಕೂತಿದ್ದ ಆ ಮುಂಜಾನೆ ಹಲ್ಲಿನವರ ನಂತರ ಒಂದೂವರೆ ಗಂಟೆ ಪರದೆ ಕಪ್ಪಾಗಿಯೇ ಇತ್ತು. ಸೊನ್ನೆಯಕ್ಕ ಮಧ್ಯೆ ಮಧ್ಯೆ ಹೆಡ್‌ಫೋನಿನ ಮೈಕಿಗೆ ಮೆಲ್ಲಗೆ “ಹಲೋ” ಎನ್ನುತ್ತಿದ್ದರು. ಸರಿಯಾಗಿದೆಯೇ ಎಂದು ನೋಡುವುದಕ್ಕೆ ಎಂದರು.

ಈ ಮೇಜು ಯಾರಿಗೂ ಬೇಕಿರಲಿಲ್ಲ. ಬರುವ ಕರೆಗಳಲ್ಲಿ ಅರ್ಧ ಬೈಗುಳ. ಪ್ರಶಂಸೆಯಿಲ್ಲ, ಬಡ್ತಿಯಿಲ್ಲ. ವಿಚಾರಣೆ ವಿಭಾಗದಲ್ಲಿ ಆರಾಮಾಗಿದ್ದ ಸೊನ್ನೆಯಕ್ಕ ಮಾತ್ರ ಕೇಳಿ ಹಾಕಿಸಿಕೊಂಡು ಬಂದವರು. ತಲೆ ಕೆಟ್ಟಿದೆಯೇ ಎಂದು ಗೆಳತಿಯರು ಮೂಗು ಮುರಿದರಂತೆ.

ಕೇಳಿ ಹಾಕಿಸಿಕೊಂಡದ್ದಕ್ಕೆ ಕಾರಣ ಒಬ್ಬ ತಮ್ಮ.

ಮನೆಯಲ್ಲಿ ಅವನನ್ನು ಕರೆಯುತ್ತಿದ್ದುದು ಗುಂಡ ಎಂದು. “ಹೆಸರಿಗೆ ಗುಂಡ, ನೋಡಿದ್ರೆ ಕಡ್ಡಿ,” ಎಂದು ನಗುತ್ತಾರೆ ಅಕ್ಕ. ಏಳು ವರ್ಷ ಚಿಕ್ಕವನು. ಅಮ್ಮ ಬೇಗ ಹೋದರು, ಅಪ್ಪ ಇದ್ದೂ ಇಲ್ಲದ ಹಾಗೆ. ತಲೆ ಬಾಚಿ, ಬುತ್ತಿ ಕಟ್ಟಿ, ಶಾಲೆಗೆ ಅಟ್ಟಿ ಬೆಳೆಸಿದ್ದು ಇವರೇ. ಮದುವೆ ಯಾಕಾಗಲಿಲ್ಲ ಎಂದು ಕೇಳಿದ್ದಕ್ಕೆ “ಪಾಳಿ ಇತ್ತು” ಎಂದು ಮಾತು ಹಾರಿಸಿದರು. ಗುಂಡ ಸರಕಿನ ಹಡಗಿನಲ್ಲಿ ಅಡುಗೆಯವನಾದ. ಕಾಗದ ಬರೆಯುವ ಪೈಕಿ ಅಲ್ಲ. ಮೊಬೈಲು ಅಂದರೆ ಅಲರ್ಜಿ. ಎರಡು ಸಲ ಸಮುದ್ರಕ್ಕೆ ಬೀಳಿಸಿಕೊಂಡ ಮೇಲೆ ಮತ್ತೆ ಕೊಳ್ಳಲೇ ಇಲ್ಲ. ಹಡಗು ಯಾವುದೋ ಬಂದರಿಗೆ ಬಂದಾಗ ಅಲ್ಲಿನ ಬೂತಿನಿಂದ ಮನೆಗೊಂದು ಕರೆ, ವರ್ಷಕ್ಕೆ ಮೂರೋ ನಾಲ್ಕೋ. ಯಾವ ದೇಶದಿಂದ ಮಾಡಿದರೂ ಅವನು ಹಾಕುತ್ತಿದ್ದುದು ಒಂದೇ ನಂಬರು, ಅಕ್ಕ ಬಾಯಿಪಾಠ ಮಾಡಿಸಿದ್ದು.

ಇಲ್ಲಿನ ನಂಬರುಗಳು ಬದಲಾಗುವ ಹಿಂದಿನ ವಾರ ಗುಂಡನ ಕರೆ ಬಂತು.

“ಅಕ್ಕ, ಏನೋ ನಂಬರು ಬದಲಾಗತ್ತಂತೆ, ಜೊತೆಯವರು ಹೇಳ್ತಿದ್ರು. ಇನ್ಮೇಲೆ ಹೇಗೆ ಹಾಕ್ಲಿ?” ಎಂದು ಕೇಳಿದ.

ಸೊನ್ನೆಯಕ್ಕ ಆಗ ವಿಚಾರಣೆ ವಿಭಾಗದಲ್ಲಿದ್ದರು. ವರ್ಷಗಟ್ಟಲೆ ಕೇಳಿದವರಿಗೆಲ್ಲ ಸೊನ್ನೆ ಬಿಡಿ ಎಂಬ ಒಂದೇ ಮಾತು ಹೇಳಿ ಹೇಳಿ ನಾಲಗೆ ಆ ದಾರಿಯಲ್ಲೇ ಸವೆದಿತ್ತು. ಹೊಸ ನಿಯಮದ ಆದೇಶ ಕಚೇರಿಯ ಗೋಡೆಯ ಮೇಲಿತ್ತು, ಅವರು ಓದಿದ್ದರು, ಬೇರೆಯವರಿಗೆ ಓದಿಯೂ ಹೇಳಿದ್ದರು.

“ಆದ್ರೂ ಅವನು ಕೇಳಿದಾಗ ಏನಂದೆ ಗೊತ್ತಾ? ಎಂದಿನ ಹಾಗೇ ಕಣೋ, ಸೊನ್ನೆ ಬಿಟ್ಟು ಹಾಕು ಅಂದೆ. ಬಾಯಿಗೆ ಬಂದುಬಿಡ್ತು. ಅವನ ಹಿಂದೆ ಬೂತಿಗೆ ಸಾಲು ಇತ್ತು, ಬೇಗ ಬೇಗ ಅಂತ ಯಾರೋ ಗದರಿಸ್ತಿದ್ರು. ಊಟ ಮಾಡಿದ್ಯಾ ಅಂತ ಕೇಳ್ದೆ. ಹೂಂ ಅಂದ. ಇಟ್ಟುಬಿಟ್ಟ. ಒಲೆ ಮೇಲೆ ಹಾಲಿಟ್ಟಿದ್ದೆ, ಅದನ್ನ ಇಳಿಸೋಕೆ ಹೋದಾಗ ತಲೆಗೆ ಹೊಳೀತು. ತಿರುಗಿ ಮಾಡೋಣ ಅಂದ್ರೆ ಎಲ್ಲಿಗೆ ಮಾಡ್ಲಿ? ಬೂತಿನ ನಂಬರು ಯಾರಿಗೆ ಗೊತ್ತು?”

ನಿಯಮ ಬದಲಾಯಿತು. ಮೊದಲ ಐದು ತಿಂಗಳು ಸೊನ್ನೆ ಬಿಟ್ಟವರಿಗೆ ಮೇಜೂ ಇರಲಿಲ್ಲ, ಮನುಷ್ಯರೂ ಇರಲಿಲ್ಲ. “ಇಂಥ ಸಂಖ್ಯೆ ಅಸ್ತಿತ್ವದಲ್ಲಿಲ್ಲ” ಎನ್ನುವ ಯಂತ್ರದ ಧ್ವನಿ ಮಾತ್ರ. ಹೊರದೇಶದಲ್ಲಿರುವವರಿಂದ ದೂರುಗಳು ಸುರಿದ ಮೇಲೆ ಈ ಮೇಜು ಹಾಕಿದರು. ಆ ಐದು ತಿಂಗಳಲ್ಲಿ ಗುಂಡ ಕರೆ ಮಾಡಿರಲೇಬೇಕು ಎನ್ನುವುದು ಅಕ್ಕನ ಲೆಕ್ಕ. ಅದೇ ವರ್ಷ ರಸ್ತೆ ಅಗಲ ಮಾಡುವುದಕ್ಕೆ ಅವರ ಬೀದಿಯ ಮನೆಗಳನ್ನು ಒಡೆಯುತ್ತಾರೆಂಬ ಸುದ್ದಿಯಿತ್ತು, ಅದು ಗುಂಡನಿಗೂ ಗೊತ್ತಿತ್ತು. ಆಮೇಲೆ ಒಡೆದೂ ಒಡೆದರು.

“ಮನೆ ಹೋಯ್ತು, ನಂಬರೂ ಇಲ್ಲ ಅಂತ ಮೆಷೀನು ಹೇಳ್ತು. ಅಕ್ಕನೂ ಹೋದ್ಲು ಅಂದ್ಕೊಂಡಿರ್ತಾನೆ. ಇನ್ನೇನು ಅಂದ್ಕೋತಾನೆ ಹೇಳಿ?” ಈ ಮಾತು ಹೇಳುವಾಗಲೂ ಅವರ ಕಣ್ಣು ಪರದೆಯ ಮೇಲೇ ಇರುತ್ತದೆ.

ಸುಮ್ಮನೆ ಕೂತವರಲ್ಲ ಇವರು. ಹಡಗಿನ ಕಂಪನಿಗೆ ಬರೆದರು. ಹಡಗು ಮಾರಾಟವಾಗಿದೆ, ಹೊಸ ಯಜಮಾನರು ಹೆಸರನ್ನೂ ಬದಲಾಯಿಸಿದ್ದಾರೆ, ಕೆಲಸದವರು ಚದುರಿಹೋಗಿದ್ದಾರೆ ಎಂದು ಉತ್ತರ ಬಂತು. ಪಕ್ಕದ ಮನೆಯ ಹುಡುಗಿ ಇಂಟರ್ನೆಟ್ಟಿನಲ್ಲಿ ಜಾಲಾಡಿದಳು. “ಫೋಟೋ ಹಾಕಿ ಮೆರೆಯೋ ಆಸಾಮಿ ಅಲ್ಲ ಅವನು. ಈರುಳ್ಳಿ ಹೆಚ್ಚಿಕೊಂಡು ಯಾವುದೋ ಮೂಲೆಯಲ್ಲಿ ಇರ್ತಾನೆ,” ಎನ್ನುತ್ತಾರೆ. ಉಳಿದದ್ದು ಈ ಮೇಜು. ಸೊನ್ನೆ ಬಿಟ್ಟು ಹಾಕಿದ ಕರೆ ಎಲ್ಲಿಂದ ಬಂದರೂ ಇಲ್ಲಿಗೇ ಬಂದು ಬೀಳಬೇಕು. ಪರದೆಯ ಮೇಲೆ ಮೊದಲು ಕಾಣುವುದು ಕರೆ ಮಾಡಿದವರು ಹಾಕಿದ ನಂಬರು. ಒಂದಲ್ಲ ಒಂದು ದಿನ ಅಲ್ಲಿ ತಮ್ಮ ಮನೆಯ ನಂಬರೇ ಮೂಡುತ್ತದೆಂದು ಇವರು ಕಾದರು. ಬೇರೆ ಪಾಳಿಯವರಿಗೂ ಆ ನಂಬರು ಕಂಠಪಾಠವಾಗಿತ್ತು. “ಇವತ್ತೂ ಇಲ್ಲ ಅಕ್ಕ” ಎಂದು ಹೇಳಿಯೇ ಪಾಳಿ ಬಿಟ್ಟುಕೊಡುತ್ತಿದ್ದರಂತೆ. ಆಮೇಲಾಮೇಲೆ ಹೇಳುವುದನ್ನು ನಿಲ್ಲಿಸಿದರು.

ಅವನು ಇಲ್ಲದೆಯೂ ಇರಬಹುದಲ್ಲ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು.

“ನೀವು ಕೇಳಬೇಕು ಅಂದ್ಕೊಂಡಿದ್ದು ಗೊತ್ತಾಯ್ತು. ಸಮುದ್ರ ಅಂದ್ಮೇಲೆ ಏನು ಬೇಕಾದ್ರೂ ಆಗತ್ತೆ. ಆದ್ರೆ ನನಗೆ ಯಾರೂ ಹಾಗಂತ ಹೇಳಿಲ್ಲ. ಹೇಳೋತನಕ ಇದಾನೆ.”

ಮೇಜು ಮುಚ್ಚುವ ಆದೇಶ ಬಂದ ಮೇಲೆ ಸೊನ್ನೆಯಕ್ಕ ಕಚೇರಿಯನ್ನು ಕೇಳಿದ್ದು ಒಂದೇ ಒಂದು ಉಪಕಾರ. ಸೊನ್ನೆ ಬಿಟ್ಟು ಬರುವ ಲಕ್ಷಾಂತರ ನಂಬರುಗಳನ್ನು ಯಂತ್ರಕ್ಕೆ ಬಿಟ್ಟುಕೊಡಲಿ, ತಮ್ಮ ಹಳೆಯ ಮನೆಯ ನಂಬರೊಂದನ್ನು ಮಾತ್ರ ಬಿಡಬಾರದು. ಅದು ಸೊನ್ನೆಯಿದ್ದರೂ ಇಲ್ಲದಿದ್ದರೂ ತಾವೀಗ ಇರುವ ಕೋಣೆಯ ಫೋನಿಗೆ ಬರಬೇಕು. ಮನೆ ಒಡೆದಾಗ ಸಾಮಾನುಗಳಿಗಿಂತ ಮೊದಲು ಅವರು ಆ ಕೋಣೆಗೆ ಸಾಗಿಸಿಕೊಂಡದ್ದು ಆ ನಂಬರನ್ನೇ.

ಅರ್ಜಿ ಎರಡು ಸಲ ಹಿಂದಕ್ಕೆ ಬಂತು. ಮೂರನೆಯ ಸಲ ದೊಡ್ಡ ಸಾಹೇಬರ ಕೋಣೆಗೆ ಹೋಗುವಾಗ ನಾನೂ ಜೊತೆಗಿದ್ದೆ. ಎಕ್ಸ್‌ಚೇಂಜಿನ ಇಂಜಿನಿಯರ್ ಒಬ್ಬ, ಕೈಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿದ್ದ.

“ನೋಡಮ್ಮ, ನಿಯಮ ಅಂದ್ರೆ ಎಲ್ಲರಿಗೂ ಒಂದೇ,” ಎಂದರು ಸಾಹೇಬರು. “ಇವತ್ತು ನಿಮಗೆ ಮಾಡಿಕೊಟ್ರೆ ನಾಳೆ ಊರೆಲ್ಲ ಬಂದು ಇಲ್ಲಿ ಕೂರತ್ತೆ.”

“ಊರೆಲ್ಲ ಬರಲ್ಲ ಸಾರ್. ಇಷ್ಟು ವರ್ಷದಲ್ಲಿ ನನ್ನ ಬಿಟ್ರೆ ಯಾರೂ ಬಂದಿಲ್ಲ.”

ಸಾಹೇಬರು ಕನ್ನಡಕ ತೆಗೆದು ಒರೆಸಿದರು. “ಒಂಬತ್ತು ವರ್ಷ ಅಂದ್ರೆ ಕಡಿಮೆ ಅಲ್ಲ. ಇನ್ನೂ ಮಾಡ್ತಾನೆ ಅಂತ ನಿಮಗೆ ಅನಿಸತ್ತಾ?”

“ಮಾಡಲ್ಲ ಅಂತ ಅವನು ಹೇಳಿಲ್ಲ ಸಾರ್. ತಪ್ಪು ಹೇಳಿಕೊಟ್ಟಿದ್ದು ನಾನು. ಅವನು ನಾನು ಹೇಳಿದ ಹಾಗೇ ಹಾಕ್ತಾನೆ. ಹಾಕಿದಾಗ ಅದು ನನಗೆ ಬರಬೇಕು, ಅಷ್ಟೆ.”

ಸಾಹೇಬರು ಇಂಜಿನಿಯರ್ ಕಡೆ ತಿರುಗಿ, “ಆಗತ್ತೇನಯ್ಯಾ?” ಎಂದರು.

“ಯಂತ್ರದ ಪಟ್ಟೀಲಿ ಒಂದು ಸಾಲು ಸೇರಿಸಿದ್ರೆ ಆಯ್ತು ಸಾರ್. ದೊಡ್ಡ ಕೆಲಸ ಏನಲ್ಲ.”

“ಒಂದು ವರ್ಷ ಇರಲಿ. ಅದರ ಮೇಲೆ ನನ್ನ ಕೇಳಬೇಡಿ,” ಎಂದು ಸಾಹೇಬರು ಬೇರೆ ಕಡತ ಎತ್ತಿಕೊಂಡರು. ಹೊರಗೆ ಬಂದ ಮೇಲೆ ಸೊನ್ನೆಯಕ್ಕ ಶಾಲಿನ ತುದಿಯಿಂದ ಕುತ್ತಿಗೆ ಒರೆಸಿಕೊಂಡರು. “ಅಕ್ಕ, ಮೇಜು ಮುಚ್ಚಿದ ಎರಡು ಮೂರು ದಿನದಲ್ಲಿ ಮಾಡಿಬಿಡ್ತೀನಿ, ನೀವು ತಲೆಕೆಡಿಸ್ಕೋಬೇಡಿ,” ಎಂದ ಇಂಜಿನಿಯರ್.

ಮೇಜು ಮುಚ್ಚಿದ ದಿನ ಹಾರವಿಲ್ಲ, ಭಾಷಣವಿಲ್ಲ. ಕೊನೆಯ ಕರೆ ಯಾರೋ ಗಾಜಿನ ಅಂಗಡಿಗೆ ಮಾಡಿದ್ದು. ಸೊನ್ನೆಯಕ್ಕ ಸೊನ್ನೆ ಹಾಕಲು ಹೇಳಿ, ನೀರಿನ ಲೋಟ ಚೀಲಕ್ಕೆ ಹಾಕಿಕೊಂಡು ಇಳಿದು ಬಂದರು. ಕಾವಲುಗಾರ ಮಾತ್ರ ಎದ್ದು ನಿಂತ.

ಅದಾಗಿ ಮೂರನೆಯ ದಿನ ಅವರ ಕೋಣೆಗೆ ಹೋದೆ. ದರ್ಜಿ ಅಂಗಡಿಯ ಹಿಂಬದಿ, ಒಂದೇ ಕಿಟಕಿ. ಹೊಲಿಗೆ ಯಂತ್ರದ ಸದ್ದು ಗೋಡೆ ದಾಟಿ ಬರುತ್ತದೆ. ಮಂಚದ ತಲೆದೆಸೆಯಲ್ಲಿ ಸ್ಟೂಲು, ಸ್ಟೂಲಿನ ಮೇಲೆ ಫೋನು. ಅದರ ತಂತಿ ಬಚ್ಚಲಿನ ಬಾಗಿಲವರೆಗೂ ಎಟುಕುವಷ್ಟು ಉದ್ದ, ಬೇಕೆಂದೇ ಹಾಕಿಸಿದ್ದು. ಪಿಂಚಣಿ ಕಾಗದಗಳ ಕಥೆ, ಮಂಡಿನೋವಿನ ಕಥೆ ಆಯಿತು. ಇನ್ನು ದಿನವೆಲ್ಲ ಏನು ಮಾಡುತ್ತೀರಿ ಎಂದೆ. “ಮೊದಲು ಏನು ಮಾಡ್ತಿದ್ನೋ ಅದೇ. ಮೇಜು ಒಂದು ಇಲ್ಲ,” ಎಂದು ಚಹಾಕ್ಕೆ ನೀರಿಟ್ಟರು.

ಫೋನು ಹೊಡೆದುಕೊಂಡಿತು. ಊರೊಳಗಿನ ಕರೆಯ ಚಿಕ್ಕ ಚಿಕ್ಕ ರಿಂಗಲ್ಲ. ಹೊರದೇಶದ ಕರೆಗೆ ಇಲ್ಲಿನ ಎಕ್ಸ್‌ಚೇಂಜು ಕೊಡುವ ಉದ್ದನೆಯ ರಿಂಗು. ಅದರ ವ್ಯತ್ಯಾಸ ನನಗೆ ತಿಳಿದದ್ದು ಅವರ ಮುಖ ನೋಡಿ. ಚಹಾದ ಪುಡಿ ಕೈಯಲ್ಲೇ ಇತ್ತು. ಮಂಡಿನೋವಿನವರು ಆ ಕೋಣೆಯನ್ನು ಹೇಗೆ ದಾಟಿದರೋ, ರಿಸೀವರು ಕಿವಿಗೆ ಒತ್ತಿಕೊಂಡರು.

“ಅಕ್ಕಾ,” ಎಂದಿತು ಆ ಕಡೆಯ ಗಂಡುಧ್ವನಿ.

ಸೊನ್ನೆಯಕ್ಕ ಮಂಚದ ಮೇಲೆ ಕೂತರು. ಕಣ್ಣು ಮುಚ್ಚಿಕೊಂಡರು.

“ಅಕ್ಕಾ, ಕೇಳಿಸ್ತಾ ಇದ್ಯಾ? ನಾನು, ಎಕ್ಸ್‌ಚೇಂಜಿಂದ. ಆ ಸಾಲು ಈಗಷ್ಟೇ ಸೇರಿಸ್ದೆ. ಹೊರದೇಶದ ಲೈನಿನ ಕಡೆಯಿಂದ ಸೊನ್ನೆ ಬಿಟ್ಟು ಹಾಕಿ ನೋಡ್ತಾ ಇದೀನಿ. ಬಂತಲ್ಲ?”

ಗೋಡೆಯಾಚೆ ಹೊಲಿಗೆ ಯಂತ್ರ ಒಂದು ಅಂಚು ಹೊಲಿದು ಮುಗಿಸಿತು. ನಾನು ಕಿಟಕಿಯ ಕಡೆ ತಿರುಗಿ ಕೂತೆ.

“ಬಂತಪ್ಪ,” ಎಂದರು ಕೊನೆಗೆ. “ಚೆನ್ನಾಗಿ ಕೇಳಿಸ್ತಾ ಇದೆ. ಒಂದು ಕೆಲಸ ಮಾಡು. ಇಟ್ಟುಬಿಟ್ಟು ಇನ್ನೊಂದ್ಸಲ ಹಾಕ್ತೀಯಾ? ಒಂದೇ ಸಲ.”

ರಿಸೀವರು ಇಟ್ಟು, ಕೈಗೆ ಅಂಟಿದ್ದ ಚಹಾಪುಡಿಯನ್ನು ಒರೆಸಿಕೊಂಡು, ಫೋನಿನ ಎದುರು ನೆಟ್ಟಗೆ ಕೂತರು. ಉದ್ದನೆಯ ರಿಂಗು ಮತ್ತೆ ಬಂತು. ಈ ಸಲ ತಕ್ಷಣ ಎತ್ತಲಿಲ್ಲ. ಪೂರ್ತಿ ಎರಡು ಸಲ ಹೊಡೆಯಲು ಬಿಟ್ಟು, ಆಮೇಲೆ ಎತ್ತಿ, “ಹೂಂ, ಬಂತು. ನೀನು ಊಟ ಮಾಡಿದ್ಯಾ?” ಎಂದು ಇಂಜಿನಿಯರನ್ನು ಕೇಳಿದರು. ಮಾಡಿದೆ ಎಂದನೇನೋ. ಒಳ್ಳೆಯದಾಗಲಿ ಎಂದು ಇಟ್ಟರು.

ಆಮೇಲೆ ನನ್ನ ಕಡೆ ನೋಡಿ, ಕೆಲಸ ಮುಗಿಸಿದವರ ಧ್ವನಿಯಲ್ಲಿ ಹೇಳಿದರು: “ಲೈನು ಸರಿ ಇದೆ. ಇನ್ನು ಅವನು ಮಾಡೋದೊಂದೇ ಬಾಕಿ.”